ಮಲಗಿ ತೆಗೆದ ಫಿಲ್ಮೋ, ನಿಂತು ತೆಗೆದದ್ದೋ?

ಕಳೆದ ಸಂಚಿಕೆಯಲ್ಲಿ ಎಲುಬು, ಗಂಟು, ಮಾಂಸಖಂಡದ ಸ್ಕ್ಯಾನ್ ಬಗ್ಗೆ ಬರೆದು ಕೇಳಿ ಎಂದಿದ್ದೆ. ಕಾಗದಗಳ ಕಟ್ಟೇ ಬಂದಿದೆ. ಹೆಚ್ಚಿನವು ಪೆರ್ಲ, ಕುಂಬಳೆ, ಮುಳ್ಳೇರಿಯ, ಮಂಜೇಶ್ವರದ ಕಡೆಯವು. ನಾನೂ ಬದಿಯಡ್ಕದ ಹತ್ತಿರ ಹುಟ್ಟಿದವಳು. ಈಗ 22 ವರ್ಷದಿಂದ ತಲಪಾಡಿ ದಾಟಿ ಮಂಗಳೂರಿನಲ್ಲಿ ಸ್ಕ್ಯಾನ್ ಓದುವುದೇ ನನ್ನ ಕೆಲಸ. ನಡುವೆ ಎರಡು ವರ್ಷ ಒಂದು ಸಂಶೋಧನಾ ತಂಡದಲ್ಲಿದ್ದೆ. ಮೊಣಕಾಲಿನ ಎಂಆರ್‌ಐ (ದೊಡ್ಡ ಆಯಸ್ಕಾಂತದಿಂದ ತೆಗೆಯುವ ಸ್ಕ್ಯಾನ್) ಚಿತ್ರಗಳಲ್ಲಿ ಮೆದು ಎಲುಬಿನ, ಅಂದರೆ ಗಂಟಿನೊಳಗೆ ಎಲುಬಿನ ತುದಿ ಮುಚ್ಚಿರುವ ಕಾರ್ಟಿಲೇಜಿನ, ಅಂಚು ಗುರುತಿಸುವುದು ಅಲ್ಲಿ ನನ್ನ ಪಾಲಿನ ಕೆಲಸವಾಗಿತ್ತು. ಎಲ್ಲ ಕಾಗದಗಳಿಗೂ ಇಲ್ಲಿ ಜಾಗ ಸಾಲದು. ಆರನ್ನು ಆರಿಸಿದ್ದೇನೆ.

ನನಗೆ 58 ವರ್ಷ. ಒಣ ಅಡಿಕೆ ಸುಲಿಯಲು ಕೂತರೆ ಏಳಲು ಆಗುವುದಿಲ್ಲ. ಎಕ್ಸ್-ರೇ ತೆಗೆಸಿದೆವು. ‘ಸ್ವಲ್ಪ ಸವೆತ, ಅಂಥದ್ದೇನೂ ಇಲ್ಲ’ ಎಂದರು. ಪಕ್ಕದ ಮನೆಯವರ ಫಿಲ್ಮ್ ನೋಡಿ ‘ಗಂಟು ಪೂರ್ತಿ ತೇಯ್ದಿದೆ’ ಎಂದರಂತೆ. ಅವರು ದಿನಾ ಗುಡ್ಡೆ ಹತ್ತಿ ಸೊಪ್ಪು ತರುತ್ತಾರೆ. ಹಾಗಾದರೆ ನನ್ನ ನೋವು ಸುಳ್ಳಾ?
– ಓದುಗರೊಬ್ಬರು, ಪೆರ್ಲ

ಅಕ್ಕ, ನಿಮ್ಮ ನೋವು ಸುಳ್ಳಲ್ಲ. ಮೊದಲು ಒಂದು ವಿಷಯ ಹೇಳಿ. ಆ ಎಕ್ಸ್-ರೇ ತೆಗೆದದ್ದು ನಿಮ್ಮನ್ನು ಮಲಗಿಸಿಯೋ, ನಿಲ್ಲಿಸಿಯೋ?

ಇದನ್ನು ಯಾಕೆ ಕೇಳುತ್ತೇನೆಂದರೆ, ನಮ್ಮಮ್ಮನಿಗೂ ಹೀಗೇ ಆಗಿತ್ತು. ನಾನಾಗ ಎಂಬಿಬಿಎಸ್ ಎರಡನೇ ವರ್ಷದಲ್ಲಿದ್ದೆ. ಊರ ಹತ್ತಿರ ಒಂದು ಕಡೆ ಅಮ್ಮನನ್ನು ಮೇಜಿನ ಮೇಲೆ ಮಲಗಿಸಿ ಎಕ್ಸ್-ರೇ ತೆಗೆದರು. ಏನೂ ಇಲ್ಲ ಎಂದು ಕಳಿಸಿದರು. ಮನೆಯಲ್ಲಿ ಎಲ್ಲರೂ, ನಾನೂ ಸೇರಿ, ಅಮ್ಮ ಸುಮ್ನೆ ಹೇಳುತ್ತಾರೆ ಅಂದುಕೊಂಡೆವು. ಎರಡು ವರ್ಷ ಅವರು ಬಚ್ಚಲ ಗೋಡೆ ಹಿಡಿದು ಹಿಡಿದೇ ಎದ್ದರು. ಆಮೇಲೆ ಮಂಗಳೂರಿನಲ್ಲಿ ಒಬ್ಬ ಟೆಕ್ನಿಷಿಯನ್ ಒಂದೇ ದಿನ ಎರಡು ಫಿಲ್ಮ್ ತೆಗೆದರು. ಒಂದು ಮಲಗಿಸಿ, ಇನ್ನೊಂದು ನಿಲ್ಲಿಸಿ. ಎರಡನ್ನೂ ಕಿಟಕಿಯ ಮಳೆಬೆಳಕಿಗೆ ಹಿಡಿದು ನೋಡಿದೆ. ಮಲಗಿದ್ದರಲ್ಲಿ ಎರಡು ಎಲುಬಿನ ನಡುವೆ ಬೆರಳಗೆರೆಯಷ್ಟು ಕಪ್ಪು ಅಂತರ ಇತ್ತು. ನಿಂತದ್ದರಲ್ಲಿ ಒಳಬದಿಗೆ ಅಂತರವೇ ಇಲ್ಲ, ಎಲುಬಿಗೆ ಎಲುಬು ತಾಗಿತ್ತು. ‘ನಾನು ಹೇಳಲಿಲ್ಲವಾ?’ ಎಂದರು ಅಮ್ಮ, ಅಷ್ಟೇ. ಆ ಮಾತು ಇವತ್ತಿಗೂ ನನ್ನ ಕಿವಿಯಲ್ಲಿದೆ.

ಮಲಗಿದಾಗ ಗಂಟಿನ ಮೇಲೆ ಮೈಭಾರ ಇರುವುದಿಲ್ಲ. ಸವೆದ ಜಾಗವೂ ತೆರೆದುಕೊಂಡೇ ಕಾಣುತ್ತದೆ. ನಿಂತಾಗ ಮಾತ್ರ ಭಾರ ಬಿದ್ದು ನಿಜ ಸ್ಥಿತಿ ತಿಳಿಯುತ್ತದೆ. ಹಾಗಾಗಿ ನಿಂತು ತೆಗೆದ ಎಕ್ಸ್-ರೇ ಬೇಕು ಎಂದು ನೀವೇ ಕೇಳಿ. ಇದಕ್ಕೆ ಜಾಸ್ತಿ ದುಡ್ಡೇನೂ ಆಗುವುದಿಲ್ಲ.

ಇನ್ನೊಂದು ಸಂಗತಿ. ಎಕ್ಸ್-ರೇ ಕಂಡುಹಿಡಿದ ರೋಂಟ್‌ಗೆನ್ 1895ರ ಡಿಸೆಂಬರ್ 22ರಂದು ಹೆಂಡತಿಯ ಕೈಯ ಎಕ್ಸ್-ರೇ ತೆಗೆದರಲ್ಲ, ಆ ಚಿತ್ರದಲ್ಲಿ ಬೆರಳಿನ ಎಲುಬುಗಳು ಕಾಣುತ್ತವೆ, ಉಂಗುರ ಕಾಣುತ್ತದೆ. ಗೆಣ್ಣಿನ ಜಾಗದಲ್ಲಿ ಬರೀ ಸಂದು. ಆ ಸಂದಿನಲ್ಲೇ ಮೆದು ಎಲುಬು ಇರುವುದು. ಅದರಲ್ಲಿ ಮುಕ್ಕಾಲು ಪಾಲಿನಷ್ಟು ನೀರು. ಎಕ್ಸ್-ರೇ ಅದನ್ನು ಹಾದುಹೋಗುತ್ತದೆ, ಹಿಡಿಯುವುದಿಲ್ಲ. ಬನ್ನಂಗಾಯಿ ಒಡೆದಾಗ ಒಳಗೆ ಬಿಳಿ ತಿರುಳು ಇರುತ್ತದಲ್ಲ, ಗಟ್ಟಿಯೂ ಹೌದು, ಜಾರುವಂಥದ್ದೂ ಹೌದು. ಮೊಣಕಾಲಿನ ಮೆದು ಎಲುಬು ಹೆಚ್ಚುಕಡಿಮೆ ಹಾಗೇ. ದಪ್ಪ ಕೆಲವೇ ಮಿಲಿಮೀಟರ್.

ಅದರಲ್ಲಿ ರಕ್ತನಾಳ ಇಲ್ಲ, ನರವೂ ಇಲ್ಲ. ನರ ಇಲ್ಲದ ಮೇಲೆ ಅದು ಸವೆದರೆ ತಾನಾಗಿ ನೋಯುವುದು ಹೇಗೆ? ಸಂಶೋಧಕರನ್ನು ಬಹಳ ಕಾಲ ಕಾಡಿದ ಪ್ರಶ್ನೆ ಇದು. ಎಂಆರ್‌ಐ ಬಂದ ಮೇಲೆ ಉತ್ತರ ಸ್ವಲ್ಪ ಸ್ವಲ್ಪವಾಗಿ ಸಿಕ್ಕಿತು. ನೋವು ಹೆಚ್ಚಾಗಿ ಹುಟ್ಟುವುದು ಮೆದು ಎಲುಬಿನ ಕೆಳಗಿನ ಗಟ್ಟಿ ಎಲುಬಿನ ಮಜ್ಜೆಗೆ ಪೆಟ್ಟಾದಾಗ, ಇಲ್ಲವೇ ಗಂಟಿನ ಒಳಪೊರೆ ಊದಿದಾಗ. ಇವೆರಡೂ ಎಕ್ಸ್-ರೇಯಲ್ಲಿ ಕಾಣುವುದಿಲ್ಲ. ಹಾಗಾಗಿ ನಿಮ್ಮ ಫಿಲ್ಮ್ ಚೆನ್ನಾಗಿದ್ದೂ ನೋವು ಇರಬಹುದು.

ಪಕ್ಕದ ಮನೆಯವರ ವಿಷಯಕ್ಕೂ ಉತ್ತರ ಉಂಟು. ಅಮೆರಿಕದ ಫ್ರೇಮಿಂಗ್‌ಹ್ಯಾಮ್ ಎಂಬ ಊರಿನಲ್ಲಿ 50 ದಾಟಿದ, ಎಕ್ಸ್-ರೇಯಲ್ಲಿ ಸವೆತ ಕಾಣದ 710 ಮಂದಿಯ ಮೊಣಕಾಲಿನ ಎಂಆರ್‌ಐ ತೆಗೆದರು. 2012ರಲ್ಲಿ ಫಲಿತಾಂಶ ಪ್ರಕಟವಾಯಿತು. ಶೇ. 89ರಷ್ಟು ಜನರಲ್ಲಿ ಏನಾದರೊಂದು ದೋಷ ಕಂಡಿತ್ತು. ನೋವೇ ಇಲ್ಲದ ಮೊಣಕಾಲುಗಳಲ್ಲೂ ಈ ಪ್ರಮಾಣ ಶೇ. 86ಕ್ಕಿಂತ ಕೆಳಗೆ ಇಳಿಯಲಿಲ್ಲ. ಅಂದರೆ ಚಿತ್ರದಲ್ಲಿ ದೋಷ ಕಂಡವರೆಲ್ಲ ರೋಗಿಗಳಲ್ಲ. ಚಿತ್ರ ಚೆಂದ ಇದ್ದವರೆಲ್ಲ ಆರಾಮ ಇದ್ದಾರೆ ಅಂತಲೂ ಅಲ್ಲ.

ಈಗ ಮಾಡಬೇಕಾದ್ದು: ನೆಲದಲ್ಲಿ ಕೂತು ಸುಲಿಯಬೇಡಿ. ಮೊಣಕಾಲು ಪೂರ್ತಿ ಮಡಚದಷ್ಟು ಎತ್ತರದ ಸ್ಟೂಲಿನಲ್ಲಿ ಕೂತು, ಅಡಿಕೆಯನ್ನು ಅದಕ್ಕೆ ಸರಿಯಾದ ಎತ್ತರಕ್ಕೆ ತನ್ನಿ. ಅರ್ಧ ಗಂಟೆಗೊಮ್ಮೆ ಎದ್ದು ಅಂಗಳಕ್ಕೆ ಒಂದು ಸುತ್ತು ಬನ್ನಿ. ಫಿಸಿಯೋಥೆರಪಿಸ್ಟ್ ಹತ್ತಿರ ಹೋಗಿ ತೊಡೆಯ ಮುಂಭಾಗದ ಸ್ನಾಯುವಿಗೆ ಬಲ ಬರುವ ವ್ಯಾಯಾಮ ಕಲಿಯಿರಿ. ಗಂಟು ಕೆಂಪಾಗಿ ಬಿಸಿಯಾದರೆ, ರಾತ್ರಿ ನಿದ್ದೆಗೆಡುವಷ್ಟು ನೋವಾದರೆ ತಡ ಮಾಡದೆ ವೈದ್ಯರಿಗೆ ತೋರಿಸಿ.

ನಾನು ಯಕ್ಷಗಾನ ಮೇಳದಲ್ಲಿ ಪುಂಡುವೇಷ ಮಾಡುವವನು, 26 ವರ್ಷ. ಹಾರಿ ಗಿರಗಿರ ತಿರುಗುವ ಧೀಂಗಿಣ ಹಾಕುವಾಗ ಮೊಣಕಾಲು ಒಮ್ಮೆ ತಿರುಚಿತು. ಎಂಆರ್‌ಐ ವರದಿಯಲ್ಲಿ ‘ಮೆನಿಸ್ಕಸ್, ಗ್ರೇಡ್ 2 ಸಿಗ್ನಲ್’ ಎಂದಿದೆ. ಹರಿದಿದೆ, ಆಪರೇಷನ್ ಆಗಬೇಕು ಎಂದು ಒಬ್ಬರು ಹೆದರಿಸಿದರು. ನನ್ನ ಕುಣಿತ ಮುಗಿಯಿತಾ?
– ಯುವ ಕಲಾವಿದ, ಮುಳ್ಳೇರಿಯ

ತಮ್ಮ, ನಿಮ್ಮ ಕಾಗದ ಓದಿ ಹೊಟ್ಟೆಯಲ್ಲಿ ಸಂಕಟವಾಯಿತು. ಒಂದೇ ಒಂದು ಪದಕ್ಕೆ ಎಷ್ಟು ಹೆದರಿಸಿಬಿಟ್ಟಿದ್ದಾರೆ!

ಮೊಣಕಾಲಿನ ಒಳಗೆ ಎರಡು ಎಲುಬಿನ ನಡುವೆ ಅರ್ಧಚಂದ್ರದ ಹಾಗಿನ ಎರಡು ಮೆತ್ತೆಗಳಿವೆ. ಅದೇ ಮೆನಿಸ್ಕಸ್. ಎಂಆರ್‌ಐಯಲ್ಲಿ ಅದು ಕಪ್ಪಗೆ ಕಾಣಬೇಕು. ಒಳಗೆ ಬಿಳಿ ಚುಕ್ಕೆ ಕಂಡರೆ ಗ್ರೇಡ್ 1, ಬಿಳಿ ಗೆರೆ ಕಂಡರೆ ಗ್ರೇಡ್ 2. ಆ ಗೆರೆ ಮೆತ್ತೆಯ ಮೇಲ್ಮೈವರೆಗೆ ಬಂದು ಮುಟ್ಟಿದರೆ ಗ್ರೇಡ್ 3. ಹರಿದಿದೆ ಎನ್ನುವುದು ಗ್ರೇಡ್ 3ಕ್ಕೆ ಮಾತ್ರ. ನಿಮ್ಮದು ಒಳಗೇ ನಿಂತಿರುವ ಗೆರೆ. ಅದು ಹರಿದದ್ದಲ್ಲ.

ಹರಿದವರೂ ಎಲ್ಲರೂ ಕುಂಟುವುದಿಲ್ಲ. ಅದೇ ಫ್ರೇಮಿಂಗ್‌ಹ್ಯಾಮ್ ಊರಿನ, 50ರಿಂದ 90 ವರ್ಷದ 991 ಮಂದಿಯನ್ನು ನೋಡಿದ ಇನ್ನೊಂದು ಅಧ್ಯಯನ 2008ರಲ್ಲಿ ಬಂತು. ಮೆನಿಸ್ಕಸ್ ಹರಿದಿದ್ದವರಲ್ಲಿ ಶೇ. 61ರಷ್ಟು ಜನರಿಗೆ ಹಿಂದಿನ ಒಂದು ತಿಂಗಳಲ್ಲಿ ನೋವು, ಬಿಗಿತ ಏನೂ ಇರಲಿಲ್ಲ. ಅವರೆಲ್ಲ ನಿಮಗಿಂತ ಹಿರಿಯರು, ಧೀಂಗಿಣ ಹಾಕುವವರೂ ಅಲ್ಲ. ಆದರೂ ಚಿತ್ರ ಒಂದನ್ನೇ ನೋಡಿ ಆಪರೇಷನ್ ನಿಶ್ಚಯಿಸುವುದು ಸರಿಯಲ್ಲ ಎನ್ನಲು ಅಷ್ಟು ಸಾಕು.

ನಿಮ್ಮ ಮೊಣಕಾಲು ನಡುವೆ ಸಿಕ್ಕಿಹಾಕಿಕೊಳ್ಳುತ್ತದಾ? ಪೂರ್ತಿ ನೇರ ಮಾಡಲು ಆಗುತ್ತದಾ? ಮೆಟ್ಟಿಲು ಇಳಿಯುವಾಗ ಕೈಕೊಡುತ್ತದಾ? ಹೌದು ಎಂದಾದರೆ ಮೂಳೆ ವೈದ್ಯರು ಕೈಯಿಂದ ಮುಟ್ಟಿ, ತಿರುಗಿಸಿ ಪರೀಕ್ಷಿಸಬೇಕು. ಇಲ್ಲ ಎಂದಾದರೆ ಪತ್ತನಾಜೆಯ ನಂತರ ಮೇಳ ಇಲ್ಲದ ತಿಂಗಳುಗಳು ನಿಮ್ಮ ಕೈಯಲ್ಲಿವೆ. ತೊಡೆ, ಸೊಂಟದ ಸ್ನಾಯು ಗಟ್ಟಿ ಮಾಡಿಕೊಳ್ಳಿ. ಒಂದೇ ಕಾಲಲ್ಲಿ ನಿಲ್ಲುವುದು, ಮೆತ್ತಗೆ ಹಾರಿ ಇಳಿಯುವುದು, ಆಮೇಲೆ ತಿರುಗುವುದು, ಹೀಗೆ ಹಂತ ಹಂತವಾಗಿ ಹೋಗಿ. ಸಿಮೆಂಟು ನೆಲದಲ್ಲಿ ಅಭ್ಯಾಸ ಬೇಡ. ಗೆಜ್ಜೆ ಕಟ್ಟುವ ಮೊದಲು ಮೈ ಬಿಸಿಯಾಗಲಿ.

ಕಾಲಿಗೆ ಹಿಂದೆ ಸ್ಟೀಲ್ ರಾಡ್ ಹಾಕಿದ್ದಾರೆ. ಎಂಆರ್‌ಐಗೆ ಹೋಗಬಹುದಾ? ಕರಿಮಣಿ ತೆಗೆಯಲೇಬೇಕಾ?
– ಗೃಹಿಣಿ, ಉಪ್ಪಳ

ಎಲುಬಿಗೆ ಹಾಕುವ ರಾಡ್, ಪ್ಲೇಟುಗಳು ಹೆಚ್ಚಾಗಿ ಆಯಸ್ಕಾಂತಕ್ಕೆ ಎಳೆಯಲ್ಪಡದ ಲೋಹದವು. ಸಾಮಾನ್ಯವಾಗಿ ಹೋಗಬಹುದು. ಆದರೆ ಆಪರೇಷನ್ ಚೀಟಿ ತೋರಿಸಿ, ಟೆಕ್ನಿಷಿಯನ್ ಹತ್ತಿರ ಮೊದಲೇ ಹೇಳಿ. ರಾಡ್ ಇರುವ ಜಾಗದ ಚಿತ್ರ ಕದಡಿಹೋಗುತ್ತದೆ, ಅಷ್ಟೇ. ಹೃದಯಕ್ಕೆ ಪೇಸ್‌ಮೇಕರ್ ಇದ್ದರೆ, ಕಿವಿಯೊಳಗೆ ಯಂತ್ರ ಕೂರಿಸಿದ್ದರೆ ಅದನ್ನು ಮರೆಯದೆ ಹೇಳಲೇಬೇಕು. ಕರಿಮಣಿ ತೆಗೆಯಲೇಬೇಕು. ಚಿನ್ನವನ್ನು ಆಯಸ್ಕಾಂತ ಎಳೆಯುವುದಿಲ್ಲ, ನಿಜ. ಆದರೆ ಬಿಸಿಯಾಗಬಹುದು, ಕೊಂಡಿಯಲ್ಲಿ ಬೇರೆ ಲೋಹ ಇರಬಹುದು. ತೆಗೆಯಲು ಮನಸ್ಸು ಬಾರದಿದ್ದರೆ ಕೈಗೆ ಅರಿಶಿನ ದಾರ ಕಟ್ಟಿಕೊಂಡು ಹೋಗಿ. ನಮ್ಮಲ್ಲಿಗೆ ಬರುವ ಎಷ್ಟೋ ಹೆಂಗಸರು ಹಾಗೆ ಮಾಡುತ್ತಾರೆ.

ಪೆರಿಯದಲ್ಲಿ ಎಂ.ಎಸ್ಸಿ. ಫಿಸಿಕ್ಸ್ ಓದುತ್ತಿದ್ದೇನೆ. ಅಜ್ಜಿಯನ್ನು ಎಂಆರ್‌ಐಗೆ ಕರೆದುಕೊಂಡು ಹೋಗಿದ್ದೆ. ಹೊರಗೆ ಕೂತರೂ ಚೆಂಡೆ ಬಡಿದ ಹಾಗೆ ಸದ್ದು. ಒಳಗೆ ಏನು ನಡೆಯುತ್ತದೆ? ಈ ಸಂಶೋಧನೆಯಲ್ಲಿ ಫಿಸಿಕ್ಸ್ ಓದಿದವರಿಗೆ ಜಾಗ ಇದೆಯಾ?
– ವಿದ್ಯಾರ್ಥಿನಿ, ಕಾಸರಗೋಡು

ತಂಗಿ, ಈ ಯಂತ್ರ ಹುಟ್ಟಿದ್ದೇ ನಿಮ್ಮಂಥವರ ಕೈಯಲ್ಲಿ. 1973ರಲ್ಲಿ ಮೊದಲ ಚಿತ್ರ ಪ್ರಕಟಿಸಿದ ಪಾಲ್ ಲಾಟರ್‌ಬರ್ ರಸಾಯನ ವಿಜ್ಞಾನಿ. ಆ ಚಿತ್ರ ನೀರು ತುಂಬಿದ ಎರಡು ಸಣ್ಣ ನಳಿಗೆಗಳದ್ದು. ಪೀಟರ್ ಮ್ಯಾನ್ಸ್‌ಫೀಲ್ಡ್ ಫಿಸಿಕ್ಸ್‌ನವರು. 2003ರಲ್ಲಿ ಇಬ್ಬರಿಗೂ ವೈದ್ಯಕೀಯದ ನೊಬೆಲ್ ಬಂತು. ಇಬ್ಬರೂ ರೋಗಿಗಳನ್ನು ನೋಡುವ ವೈದ್ಯರಲ್ಲ.

ಒಳಗೆ ನಡೆಯುವುದು ಇದು. 1.5 ಟೆಸ್ಲಾ ಆಯಸ್ಕಾಂತ ಎಂದರೆ ಭೂಮಿಯ ಆಯಸ್ಕಾಂತ ಬಲದ ಸುಮಾರು 30,000 ಪಟ್ಟು. ಅದರೊಳಗೆ ಮೈಯ ನೀರು, ಕೊಬ್ಬಿನಲ್ಲಿರುವ ಹೈಡ್ರೋಜನ್ ಪ್ರೋಟಾನ್‌ಗಳು ಬುಗುರಿಯ ಹಾಗೆ ಓಲಾಡುತ್ತವೆ. ಸೆಕೆಂಡಿಗೆ ಸುಮಾರು 6.4 ಕೋಟಿ ಸಲ, ಅಂದರೆ 64 ಮೆಗಾಹರ್ಟ್ಸ್. ಎಫ್‌ಎಂ ರೇಡಿಯೋ 88ರಿಂದ 108ರವರೆಗೆ ಅಲ್ವಾ? ಅದಕ್ಕಿಂತ ಸ್ವಲ್ಪ ಕೆಳಗೆ. ಅದೇ ಶ್ರುತಿಯ ರೇಡಿಯೋ ಅಲೆ ಕಳಿಸಿ ಅವನ್ನು ತಟ್ಟುತ್ತೇವೆ. ತಿರುಗಿ ಬರುವ ಸದ್ದಿಲ್ಲದ ಮಿಡಿತವನ್ನು ಹಿಡಿದುಕೊಳ್ಳುತ್ತೇವೆ. ನಿಮಗೆ ಕೇಳಿಸಿದ ಚೆಂಡೆ, ಯಾವ ಮಿಡಿತ ಯಾವ ಜಾಗದ್ದು ಎಂದು ಗುರುತಿಸಲು ಇಟ್ಟ ಸುರುಳಿಗಳದ್ದು. ಅವುಗಳಲ್ಲಿ ಕರೆಂಟು ಹರಿದು ನಿಂತು, ಹರಿದು ನಿಂತು, ಸುರುಳಿ ಅದುರುವಾಗ ಆ ಸದ್ದು ಬರುತ್ತದೆ.

ಸಂಶೋಧನೆಯ ಸ್ವಾರಸ್ಯ ಇರುವುದು ಆ ಮಿಡಿತ ಎಷ್ಟು ಹೊತ್ತು ಉಳಿಯುತ್ತದೆ ಎಂಬುದರಲ್ಲಿ. ದೇವಸ್ಥಾನದ ಗಂಟೆ ಬಾರಿಸಿ ನಾದ ಎಷ್ಟು ಹೊತ್ತಿಗೆ ಆರುತ್ತದೆ ಎಂದು ಕಿವಿಗೊಟ್ಟ ಹಾಗೆ. ಇದಕ್ಕೆ ಟಿ2 ಎನ್ನುತ್ತಾರೆ. ಗಟ್ಟಿ ಎಲುಬಿನಲ್ಲಿ ಅದು ಒಂದು ಮಿಲಿಸೆಕೆಂಡಿಗೂ ಕಡಿಮೆ, ಕಿವಿ ಇಡುವ ಮೊದಲೇ ನಿಂತುಹೋಗುತ್ತದೆ. ಅದಕ್ಕೇ ಎಂಆರ್‌ಐಯಲ್ಲಿ ಗಟ್ಟಿ ಎಲುಬು ಕಪ್ಪು. ಆರೋಗ್ಯವಾದ ಮೆದು ಎಲುಬಿನಲ್ಲಿ ಹೆಚ್ಚುಕಡಿಮೆ 30ರಿಂದ 50 ಮಿಲಿಸೆಕೆಂಡ್. ಮೆದು ಎಲುಬಿನೊಳಗಿನ ಕೊಲಾಜೆನ್ ನಾರಿನ ಬಲೆ ಸಡಿಲವಾದರೆ ನೀರು ಸಲೀಸಾಗಿ ಓಡಾಡುತ್ತದೆ, ನಾದ ಉದ್ದವಾಗುತ್ತದೆ. ದಪ್ಪ ಇನ್ನೂ ಇಳಿದಿರುವುದಿಲ್ಲ, ಎಕ್ಸ್-ರೇಯಲ್ಲಿ ಏನೂ ಕಾಣುವುದಿಲ್ಲ. ಆದರೆ ಒಳಗೆ ಕೆಡಲು ಶುರುವಾದದ್ದು ಇಲ್ಲಿ ತಿಳಿಯುತ್ತದೆ. ಮೊದಲ ಸಲ ಟಿ2 ಅಳತೆಯನ್ನು ಬಣ್ಣದಲ್ಲಿ ತೋರಿಸುವ ನಕ್ಷೆ ನೋಡಿದಾಗ ಅಮ್ಮನ ನೆನಪಾಗಿ ನನಗೆ ಕಣ್ಣು ತುಂಬಿತ್ತು.

ಇದರಲ್ಲಿ ಮೋಸ ಹೋಗುವ ಜಾಗಗಳೂ ಇವೆ. ನಾರುಗಳು ಆಯಸ್ಕಾಂತದ ದಿಕ್ಕಿಗೆ ಸುಮಾರು 55 ಡಿಗ್ರಿ ಓರೆಯಾಗಿ ಕೂತರೆ, ಕೆಡದಿದ್ದರೂ ಬೆಳ್ಳಗೆ ಹೊಳೆಯುತ್ತವೆ. ಓಡಿ ಬಂದ ಕೂಡಲೇ ಸ್ಕ್ಯಾನ್ ಮಾಡಿದರೆ ಲೆಕ್ಕ ತಪ್ಪುತ್ತದೆ. ಅದಕ್ಕೇ ಎಷ್ಟೋ ಅಧ್ಯಯನಗಳಲ್ಲಿ ಮೊದಲು ಅರ್ಧ ಗಂಟೆ ಸುಮ್ನೆ ಕೂರಿಸುತ್ತಾರೆ. ಇಂಥ ಜಾಗಗಳಲ್ಲೇ ಫಿಸಿಕ್ಸ್ ಓದಿದವರು ಬೇಕಾಗುವುದು.

ಕೆಲಸ ಶುರು ಮಾಡಲು ದೊಡ್ಡ ಯಂತ್ರ ಬೇಕೆಂದಿಲ್ಲ. ಅಮೆರಿಕದಲ್ಲಿ ‘ಆಸ್ಟಿಯೋಆರ್ಥ್ರೈಟಿಸ್ ಇನಿಶಿಯೇಟಿವ್’ ಎಂಬ, ಗಂಟು ಸವೆತದ ಅಧ್ಯಯನಕ್ಕೆ 2004ರಿಂದ 45–79 ವರ್ಷದ 4,796 ಮಂದಿಯನ್ನು ಸೇರಿಸಿಕೊಂಡರು. ಅದೇ ಜನರ ಅದೇ ಮೊಣಕಾಲುಗಳನ್ನು ವರ್ಷಗಟ್ಟಲೆ ಮತ್ತೆ ಮತ್ತೆ 3 ಟೆಸ್ಲಾ ಯಂತ್ರದಲ್ಲಿ ನೋಡಿದರು. ಕಾಸರಗೋಡಿನ ತೋಟ ಸಂಶೋಧನಾ ಕೇಂದ್ರದ ಕೆಲಸ ಬಲ್ಲವರಿಗೆ ಇದು ಹೊಸತಲ್ಲ. ತೆಂಗಿನ ತಳಿ ಅಭ್ಯಾಸ ಮಾಡುವವರು ಮರಕ್ಕೆ ನಂಬರು ಹಾಕಿ, ಒಂದೊಂದೇ ಮರದ ಕಾಯಿಯನ್ನು ವರ್ಷಾನುಗಟ್ಟಲೆ ಎಣಿಸುವುದಿಲ್ಲವೇ? ಹಾಗೇ ಇದೂ. ಆ ಮೊಣಕಾಲುಗಳ ಚಿತ್ರಗಳನ್ನು ಸಂಶೋಧಕರು ಅರ್ಜಿ ಹಾಕಿ ಪಡೆಯಬಹುದು. ಪೆರಿಯದಲ್ಲೇ ಕೂತು ಕೆಲಸ ಮಾಡಬಹುದು.

ಆ ಚಿತ್ರಗಳಲ್ಲಿ ಒಂದು ಮೊಣಕಾಲಿಗೆ 160 ಹೋಳು, ಒಂದೊಂದು 0.7 ಮಿಲಿಮೀಟರ್ ದಪ್ಪ. ನಾನಿದ್ದ ಕಾಲಕ್ಕೆ ಇಂಥ ಚಿತ್ರಗಳಲ್ಲಿ ಹೋಳು ಹೋಳಿಗೂ ಕೈಯಿಂದ ಅಂಚು ಎಳೆಯುತ್ತಿದ್ದೆವು. ಒಂದು ಮೊಣಕಾಲು ಮುಗಿಯುವಾಗ ಕಣ್ಣು ಉರಿ. ಅದೇ ಮೊಣಕಾಲನ್ನು ವಾರ ಬಿಟ್ಟು ಪುನಃ ಕೊಡುತ್ತಿದ್ದರು, ಹೇಳದೆ. ನನ್ನ ಎರಡು ಗೆರೆಗಳು ಎಷ್ಟು ಹೊಂದುತ್ತವೆ ಎಂದು ನೋಡಲು. ಈಗ ಕಂಪ್ಯೂಟರೇ ಅಂಚು ಎಳೆಯುತ್ತದೆ. ಆದರೆ ಅದಕ್ಕೆ ಕಲಿಸಿದ್ದು ಹಾಗೆ ಕೈಯಿಂದ ಎಳೆದ ಗೆರೆಗಳೇ.

ಅತ್ತೆಗೆ 74. ಜೀವಮಾನವಿಡೀ ಬೀಡಿ ಕಟ್ಟಿದವರು. ಕೈ ಈಗಲೂ ಚುರುಕು, ಕಾಲಲ್ಲಿ ಮಾತ್ರ ಬಲ ಇಲ್ಲ. ತೊಡೆ ದಪ್ಪವಾಗಿಯೇ ಇದೆ. ಸ್ಕ್ಯಾನ್‌ನಲ್ಲಿ ಗೊತ್ತಾಗುತ್ತದಾ? ಈ ವಯಸ್ಸಿನಲ್ಲಿ ಏನಾದರೂ ಮಾಡಬಹುದಾ?
– ಸೊಸೆ, ಕುಂಬಳೆ

ಟೇಪಿನಲ್ಲಿ ಅಳೆದರೆ ತೊಡೆ ದಪ್ಪ ಇರಬಹುದು. ಒಳಗೆ ಮಾಂಸಖಂಡ ಕರಗಿ ಆ ಜಾಗಕ್ಕೆ ಕೊಬ್ಬು ಬಂದು ಕೂತಿರಬಹುದು. ಎಂಆರ್‌ಐಯಲ್ಲಿ ಅದು ಹಲಸಿನ ಎಸಳ ನಡುವೆ ರಚ್ಚೆ ಹೊಕ್ಕ ಹಾಗೆ ಕಾಣುತ್ತದೆ. ನೀರಿನ ಪ್ರೋಟಾನ್ ಮತ್ತು ಕೊಬ್ಬಿನ ಪ್ರೋಟಾನ್‌ನ ಶ್ರುತಿಯಲ್ಲಿ ಒಂದು ಎಳೆಯಷ್ಟು ವ್ಯತ್ಯಾಸ ಇದೆ. ಆ ವ್ಯತ್ಯಾಸ ಹಿಡಿದು ನೀರು ಬೇರೆ, ಕೊಬ್ಬು ಬೇರೆ ಮಾಡುವ ಉಪಾಯವನ್ನು ಡಿಕ್ಸನ್ ಎಂಬವರು 1984ರಲ್ಲಿ ತೋರಿಸಿದರು. ಇಂದಿಗೂ ಸಂಶೋಧಕರು ಸ್ನಾಯುವಿನ ಗುಣ ಅಳೆಯುವುದು ಅದೇ ದಾರಿಯಲ್ಲಿ.

ಆದರೆ ನಿಮ್ಮ ಅತ್ತೆಗೆ ಇದಕ್ಕೆಂದು ಸ್ಕ್ಯಾನ್ ಬೇಡ. ಗೋಡೆಗೆ ತಾಗಿಸಿ ಕುರ್ಚಿ ಇಡಿ. ಕೈಯನ್ನು ಎದೆಗೆ ಕಟ್ಟಿ ಐದು ಸಲ ಎದ್ದು ಕೂರಲು ಹೇಳಿ. ನೀವು ಪಕ್ಕದಲ್ಲೇ ನಿಂತಿರಿ. 15 ಸೆಕೆಂಡಿಗಿಂತ ಜಾಸ್ತಿ ಹಿಡಿದರೆ ಕಾಲಿನ ಬಲ ಇಳಿದಿದೆ ಎಂದರ್ಥ.

ಏನಾದರೂ ಮಾಡಬಹುದಾ ಎಂದು ಕೇಳಿದಿರಿ. ಖಂಡಿತ ಮಾಡಬಹುದು. 1990ರಲ್ಲಿ ಪ್ರಕಟವಾದ ಬಾಸ್ಟನ್‌ನ ಒಂದು ಅಧ್ಯಯನ ನನಗೆ ಬಹಳ ಪ್ರಿಯ. ವೃದ್ಧರ ಆಸ್ಪತ್ರೆಯಲ್ಲಿದ್ದ, ಸರಾಸರಿ 90 ವರ್ಷದ ಹತ್ತು ಮಂದಿಗೆ ಎಂಟು ವಾರ ಕಾಲಿನಿಂದ ಭಾರ ಎತ್ತುವ ವ್ಯಾಯಾಮ ಕೊಟ್ಟರು. ಮುಗಿಸಿದ್ದು ಒಂಬತ್ತು ಮಂದಿ. ಕಾಲಿನ ಬಲ ಸರಾಸರಿ ಶೇ. 174ರಷ್ಟು ಹೆಚ್ಚಿತು. ಸಿಟಿ ಸ್ಕ್ಯಾನ್‌ನಲ್ಲಿ ತೊಡೆಯ ಅಡ್ಡಹೋಳು ನೋಡಿದರೆ ಮಾಂಸಖಂಡವೇ ಶೇ. 9ರಷ್ಟು ಬೆಳೆದಿತ್ತು. ತೊಂಬತ್ತರಲ್ಲಿ! ನಿಮ್ಮ ಅತ್ತೆಗೆ ಇನ್ನೂ 74. ಬಿಪಿ, ಹೃದಯ ಒಮ್ಮೆ ತೋರಿಸಿಕೊಂಡು, ಅದೇ ಕುರ್ಚಿಯಲ್ಲಿ ಎದ್ದು ಕೂರುವುದರಿಂದಲೇ ಶುರು ಮಾಡಲಿ. ಊಟದಲ್ಲಿ ಗಂಜಿ ಮಾತ್ರ ಸಾಲದು. ಹೆಸರುಕಾಳು, ಮೀನು, ಮೊಟ್ಟೆ, ಮೊಸರು ಯಾವುದು ಸೇರುತ್ತದೋ ಅದು ದಿನಾ ಇರಲಿ.

ಒಂದು ತಂಡದವರು ಬಂದು ಹಿರಿಯರ ಮೊಣಕಾಲಿನ ಅಲ್ಟ್ರಾಸೌಂಡ್ ತೆಗೆದು ಅಧ್ಯಯನ ಮಾಡುತ್ತೇವೆ ಎಂದರು. ಸಹಿ ಮಾಡಲು ಕೊಟ್ಟ ಕಾಗದ ಮಲಯಾಳದಲ್ಲಿತ್ತು, ಹಿಂದೆ ಇಂಗ್ಲಿಷ್. ಅಮ್ಮನಿಗೆ ಓದಲು ಬರುವುದು ಕನ್ನಡ ಮಾತ್ರ. ಕೇಳಿದರೆ ‘ಸುಮ್ನೆ ಸಹಿ ಹಾಕಿ’ ಎಂದರು. ಏನು ಮಾಡಬೇಕು?
– ಮಗಳು, ಮಂಜೇಶ್ವರ

ಕನ್ನಡದ ಕಾಗದ ಬರುವವರೆಗೆ ಸಹಿ ಬೇಡ. ಇದು ಹಠ ಅಲ್ಲ, ನಿಮ್ಮ ಹಕ್ಕು. ಐಸಿಎಂಆರ್‌ನ (ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ) 2017ರ ನೀತಿ ಮಾರ್ಗಸೂಚಿ, ಅಧ್ಯಯನಕ್ಕೆ ಸೇರುವವರಿಗೆ ಅರ್ಥವಾಗುವ ಭಾಷೆಯಲ್ಲೇ ಒಪ್ಪಿಗೆ ಕೇಳಬೇಕು ಎನ್ನುತ್ತದೆ. 1956ರ ನವೆಂಬರ್ 1ರಂದು ನಮ್ಮ ಊರು ಕೇರಳಕ್ಕೆ ಸೇರಿತು. ಅಮ್ಮನ ಓದುವ ಭಾಷೆ ಅದರ ಜೊತೆ ಬದಲಾಗಲಿಲ್ಲ. ಯಾಕೆ ತೆಗೆಯುತ್ತೀರಿ, ಚಿತ್ರವನ್ನು ಎಷ್ಟು ವರ್ಷ ಇಡುತ್ತೀರಿ, ಹೆಸರು ಅಳಿಸುತ್ತೀರಾ, ಏನಾದರೂ ದೋಷ ಕಂಡರೆ ನಮಗೆ ಹೇಳುತ್ತೀರಾ ಎಂದು ಕೇಳಿ. ನಡುವೆ ಬೇಡವೆನಿಸಿದರೆ ಅಮ್ಮ ಹೊರಗೆ ಬರಬಹುದು. ಅದರಿಂದ ಅವರ ಚಿಕಿತ್ಸೆಗೆ ಏನೂ ತೊಂದರೆ ಆಗಬಾರದು.

ಆದರೆ ಬಾಗಿಲು ಹಾಕಿ ಕಳಿಸಬೇಡಿ. ಇಂಥ ಅಧ್ಯಯನಗಳು ನಮ್ಮ ಊರಿನಲ್ಲಿ ಆಗಲೇಬೇಕು. ನಾನು ಮೇಲೆ ಹೇಳಿದ ಲೆಕ್ಕಗಳೆಲ್ಲ ಅಮೆರಿಕದ ಮೊಣಕಾಲುಗಳದ್ದು. ಚಕ್ಕಳಮಕ್ಕಳ ಹಾಕಿ ಕೂತು ಬೀಡಿ ಕಟ್ಟಿದ, ಅಡಿಕೆ ಸುಲಿದ, ಮೀನಿನ ಬುಟ್ಟಿ ಹೊತ್ತ ಮೊಣಕಾಲುಗಳು ಅವುಗಳಲ್ಲಿ ಇಲ್ಲ.

ಹಿಂದೆ ನಮ್ಮ ತಂಡಕ್ಕೂ ಒಪ್ಪಿಗೆ ಕಾಗದದ ಕನ್ನಡ ಮಾಡುವ ಕೆಲಸ ನನ್ನ ಪಾಲಿಗೆ ಬಂದಿತ್ತು. ‘ಮೃದ್ವಸ್ಥಿ’ ಎಂದು ಬರೆದೆ. ನಿಮ್ಮ ಊರಿನ ಕಡಲಕರೆಯ ಒಬ್ಬ ಹೆಂಗಸಿಗೆ ಓದಿ ಹೇಳಿದರೆ, ಹಾಗೆಂದರೆ ಎಂಥದು ಎಂದು ಕೇಳಿದರು. ಗಂಟಿನೊಳಗಿನ ಮೆದು ಎಲುಬು ಎಂದೆ. ‘ತೊರಕೆ ಮೀನಿನ ಎಲುಬಿನ ಹಾಗಾ? ಕತ್ತಿ ಹಾಕಿದರೆ ಕರಕರ ಅಂತ ಕುಯ್ದುಹೋಗ್ತದಲ್ಲ, ಅದು?’ ಎಂದರು. ಅದೇ ಸರಿ. ತೊರಕೆಯ ಅಸ್ಥಿಪಂಜರ ಇಡೀ ಮೆದು ಎಲುಬಿನದ್ದೇ. ಅಂದು ರಾತ್ರಿ ಕಾಗದದಲ್ಲಿ ‘ಮೃದ್ವಸ್ಥಿ’ ಹೊಡೆದು ಹಾಕಿ ‘ಮೆದು ಎಲುಬು’ ಎಂದು ತಿದ್ದಿದೆ. ನಿಮ್ಮಲ್ಲಿಗೆ ಬಂದ ತಂಡದವರಿಗೆ ಕನ್ನಡ ಮಾಡಿಕೊಡಲು ಯಾರೂ ಇಲ್ಲದಿದ್ದರೆ ಆ ಕಾಗದವನ್ನು ಪತ್ರಿಕೆಯ ವಿಳಾಸಕ್ಕೆ ಕಳಿಸಲಿ. ನಾನು ಮಾಡಿಕೊಡುತ್ತೇನೆ.